ವಾಡಿಕೆಯ ಲೆಕ್ಕಕ್ಕೆ ಸಿಗದ ಮಳೆ

2023ರ ಮುಂಗಾರು ಮುಗಿದಾಗ ಭಾರತೀಯ ಹವಾಮಾನ ಇಲಾಖೆ ಕೊಟ್ಟ ಅಂಕಿ ಶೇ 94. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಕ್ಕೆ ಬರಬೇಕಾದ ಮಳೆಯಲ್ಲಿ ನೂರಕ್ಕೆ ಆರು ಪಾಲು ಕಡಿಮೆ. ಇಲಾಖೆಯ ಪಟ್ಟಿಯ ಪ್ರಕಾರ ಶೇ 96ರಿಂದ 104ರವರೆಗೆ ಬಿದ್ದರೆ ಅದು ವಾಡಿಕೆ ಮಳೆ. ಆ ವರ್ಷದ ಮಳೆ ಅಲ್ಪ ಅಂತರದಲ್ಲಿ ‘ವಾಡಿಕೆಗಿಂತ ಕಡಿಮೆ’ ಎಂಬ ಗುಂಪಿಗೆ ಸೇರಿತು. ದೆಹಲಿಯಲ್ಲಿ ಕುಳಿತು ಈ ಸಂಖ್ಯೆಯನ್ನು ನೋಡಿದವರಿಗೆ ಗಾಬರಿ ಬೀಳುವಂಥದ್ದೇನೂ ಅದರಲ್ಲಿ ಕಾಣುವುದಿಲ್ಲ.

ಅದೇ ಅಂಕಿಯನ್ನು ತಿಂಗಳುಗಳಾಗಿ ಬಿಡಿಸಿ ನೋಡಬೇಕು. ಜೂನ್‌ನಲ್ಲಿ ಶೇ 91, ಜುಲೈನಲ್ಲಿ ಶೇ 113, ಆಗಸ್ಟ್‌ನಲ್ಲಿ ಶೇ 64, ಸೆಪ್ಟೆಂಬರ್‌ನಲ್ಲಿ ಮತ್ತೆ ಶೇ 113. 1901ರಿಂದ ಇಟ್ಟ ದಾಖಲೆಯಲ್ಲಿ ದೇಶ ಅಷ್ಟು ಒಣ ಆಗಸ್ಟನ್ನು ಕಂಡಿರಲಿಲ್ಲ. ಆಚೆ ಈಚೆ ಎರಡು ತಿಂಗಳು ಜೋರಾಗಿ ಸುರಿದದ್ದರಿಂದ ನಡುವಿನ ಆ ಹೊಂಡ ಕಾಗದದ ಮೇಲೆ ತುಂಬಿಹೋಯಿತು. ಹೊಲದಲ್ಲಿ ತುಂಬಲಿಲ್ಲ. ಕರ್ನಾಟಕದಲ್ಲಿ ಜೂನ್ ಸೋತಿತು, ಜುಲೈ ಕೈಹಿಡಿಯಿತು, ಅದನ್ನು ನಂಬಿ ರೈತರು ಬಿತ್ತಿದರು, ಆಗಸ್ಟ್ ಕೈಕೊಟ್ಟಿತು. ಕೊನೆಗೆ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಬೇಕಾಯಿತು.

ಆ ಆಗಸ್ಟಿನ ಹಿಂದೆ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ ಇತ್ತು. ಹವಾಮಾನ ಬದಲಾವಣೆಯೊಂದೇ ಅದಕ್ಕೆ ಕಾರಣ ಎಂದರೆ ಅದು ವಿಜ್ಞಾನವಾಗುವುದಿಲ್ಲ. ಆದರೆ ಆ ವರ್ಷ ಮಳೆ ಬಿದ್ದ ಬಗೆ, ಅಂದರೆ ಬಂದರೆ ಒಮ್ಮೆಲೇ ಬರುವುದು, ಇಲ್ಲವಾದರೆ ವಾರಗಟ್ಟಲೆ ಮುಖ ತೋರಿಸದಿರುವುದು, ಸಂಶೋಧಕರು ಎರಡು ದಶಕಗಳಿಂದ ಹೇಳುತ್ತ ಬಂದಿರುವುದಕ್ಕೆ ಚೆನ್ನಾಗಿ ಹೊಂದುತ್ತದೆ. ಈಗ ಕೇಳಬೇಕಾದದ್ದು ಮಳೆ ಹೇಗೆ ಬಿತ್ತು ಎಂದು. ಬರ ಘೋಷಣೆ, ಪರಿಹಾರ, ನದಿನೀರಿನ ಹಂಚಿಕೆ ಮುಂತಾದ ನಮ್ಮ ವ್ಯವಸ್ಥೆಗಳೆಲ್ಲ ಇನ್ನೂ ಎಷ್ಟು ಬಿತ್ತು ಎಂದೇ ಕೇಳುತ್ತಿವೆ.

ಮೊತ್ತ ಅದೇ, ಮಳೆ ಬೇರೆ

ಈ ಮಾತನ್ನು ಮೊದಲು ಖಚಿತವಾಗಿ ಅಂಕಿಗಳಲ್ಲಿ ತೋರಿಸಿದ್ದು ಬೆಂಗಳೂರಿನಿಂದಲೇ ಹೊರಟ ಒಂದು ಪ್ರಬಂಧ. ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರದಲ್ಲಿದ್ದ ಬಿ.ಎನ್. ಗೋಸ್ವಾಮಿ ಮತ್ತು ಸಹೋದ್ಯೋಗಿಗಳು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. 1951ರಿಂದ 2000ದವರೆಗಿನ ದಿನವಹಿ ಮಳೆಯ ದಾಖಲೆಗಳನ್ನು ಹಿಡಿದು ಅವರು ಮಧ್ಯ ಭಾರತವನ್ನು ನೋಡಿದರು. ಮುಂಗಾರಿನ ಒಟ್ಟು ಮಳೆಯಲ್ಲಿ ಹೇಳಿಕೊಳ್ಳುವಂಥ ಏರಿಕೆಯೂ ಇರಲಿಲ್ಲ, ಇಳಿಕೆಯೂ ಇರಲಿಲ್ಲ. ಇಷ್ಟನ್ನೇ ನೋಡಿದವರು ‘ಏನೂ ಬದಲಾಗಿಲ್ಲ’ ಎಂದು ಕಡತ ಮುಚ್ಚಬಹುದಿತ್ತು. ಆದರೆ ದಿನಕ್ಕೆ 100 ಮಿಲಿಮೀಟರ್ ದಾಟುವ ಭಾರಿ ಮಳೆಯ ಘಟನೆಗಳನ್ನೂ 150 ದಾಟುವ ಅತಿಭಾರಿ ಮಳೆಯ ಘಟನೆಗಳನ್ನೂ ಬೇರೆ ಬೇರೆ ಎಣಿಸಿದಾಗ ಎರಡೂ ಏರುತ್ತಿದ್ದವು. ಸಾಧಾರಣ ಮಳೆಯ ಘಟನೆಗಳು ಇಳಿಯುತ್ತಿದ್ದವು. ಏರಿದ್ದು ಇಳಿದದ್ದನ್ನು ಸರಿದೂಗಿಸಿ ಮೊತ್ತ ಅಲ್ಲಾಡದೆ ನಿಂತಿತ್ತು.

ಅನಂತರ ಬಂದ ಅಧ್ಯಯನಗಳು ಚಿತ್ರವನ್ನು ಇನ್ನಷ್ಟು ತುಂಬಿದವು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಕಕಾಲಕ್ಕೆ ವಿಶಾಲ ಪ್ರದೇಶವನ್ನು ಆವರಿಸುವ ವಿಪರೀತ ಮಳೆಯ ಘಟನೆಗಳು ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ಮೂರು ಪಟ್ಟಾಗಿದ್ದವು. ಕೇಂದ್ರ ಭೂವಿಜ್ಞಾನ ಸಚಿವಾಲಯವೇ 2020ರಲ್ಲಿ ಹೊರತಂದ ಹವಾಮಾನ ವರದಿಯಲ್ಲಿ ಎರಡು ಅಂಕಿಗಳು ಅಕ್ಕಪಕ್ಕದಲ್ಲಿವೆ. 1951ರಿಂದ 2015ರ ನಡುವೆ ಮುಂಗಾರಿನ ಒಟ್ಟು ಮಳೆ ಸುಮಾರು ಶೇ 6ರಷ್ಟು ಕುಗ್ಗಿತು, ಗಂಗಾ ಬಯಲಿನಲ್ಲೂ ಪಶ್ಚಿಮ ಘಟ್ಟದಲ್ಲೂ ಅದು ಎದ್ದು ಕಂಡಿತು. ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ದಾಟುವ ಮಳೆ ಸುಮಾರು ಶೇ 75ರಷ್ಟು ಹೆಚ್ಚಿತು. ಅದೇ ವರದಿ ಹೇಳುವ ಮೂರನೆಯ ಸಂಗತಿ ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುತ್ತದೆ: 1951–1980ರ ಅವಧಿಗೆ ಹೋಲಿಸಿದರೆ 1981–2011ರಲ್ಲಿ ಮಳೆಗಾಲದ ನಡುವೆ ಬರುವ ಒಣ ಅವಧಿಗಳು ಶೇ 27ರಷ್ಟು ಹೆಚ್ಚಾದವು. ಪ್ರವಾಹದ ದೃಶ್ಯ ಟಿ.ವಿ.ಯಲ್ಲಿ ಬರುತ್ತದೆ. ಮಳೆಗಾಲದಲ್ಲಿ ಮೂರು ವಾರ ಮಳೆ ಬಾರದೆ ಇದ್ದದ್ದು ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ.

ಇದೇಕೆ ಹೀಗೆ? ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಇದು ಹತ್ತೊಂಬತ್ತನೇ ಶತಮಾನದಿಂದ ಗೊತ್ತಿರುವ ಭೌತಶಾಸ್ತ್ರ, ಇದರಲ್ಲಿ ವಿವಾದವೇನಿಲ್ಲ. ಆದರೆ ಜಗತ್ತಿನಲ್ಲಿ ಬೀಳುವ ಒಟ್ಟು ಮಳೆ ಆ ವೇಗದಲ್ಲಿ ಏರುವುದಿಲ್ಲ. ಪ್ರತಿ ಡಿಗ್ರಿಗೆ ಶೇ 1ರಿಂದ 3ರಷ್ಟು ಮಾತ್ರ ಏರುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ವರದಿ ಅಂದಾಜು ಮಾಡಿದೆ. ಆವಿ ಹನಿಯಾಗುವಾಗ ಶಾಖ ಬಿಡುಗಡೆಯಾಗುತ್ತದೆ. ಆ ಶಾಖವನ್ನು ವಾಯುಮಂಡಲ ಆಕಾಶಕ್ಕೆ ಹೊರಹಾಕಬಲ್ಲ ಪ್ರಮಾಣಕ್ಕೆ ಒಂದು ಮಿತಿಯಿದೆ. ಈ ಏಳಕ್ಕೂ ಆ ಒಂದರಿಂದ ಮೂರಕ್ಕೂ ನಡುವಿನ ಅಂತರದಲ್ಲೇ ಇಡೀ ಕಥೆಯಿದೆ. ಮೋಡ ಕಟ್ಟಿದಾಗ ಸುತ್ತಲಿನ ಹೆಚ್ಚಿನ ಆವಿಯನ್ನೆಲ್ಲ ಎಳೆದುಕೊಂಡು ಒಮ್ಮೆಲೇ ಸುರಿಸುತ್ತದೆ. ವರ್ಷದ ಮೊತ್ತ ಮಾತ್ರ ಅಷ್ಟು ಏರುವಂತಿಲ್ಲ. ಹಾಗಾಗಿ ಸುರಿಯದ ದಿನಗಳು ಹೆಚ್ಚಲೇಬೇಕು.

ದಿನಗೂಲಿಯವನಿಗೆ ತಿಂಗಳ ಕೂಲಿಯನ್ನು ಎರಡೇ ಕಂತಿನಲ್ಲಿ ಕೊಟ್ಟು, ಎರಡು ಸಲವೂ ಜೇಬು ಹರಿದಿರುವಾಗಲೇ ಕೊಟ್ಟರೆ ಹೇಗೋ ಭೂಮಿಯ ಪಾಡು ಹಾಗೆ. ನೆಲಕ್ಕೆ ನೀರನ್ನು ಹೀರಿಕೊಳ್ಳಲು ಒಂದು ವೇಗವಿದೆ. ಅದನ್ನು ಮೀರಿ ಸುರಿದದ್ದು ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತದೆ. ಅಂತರ್ಜಲಕ್ಕೆ ಇಳಿಯುವುದು ನಿಧಾನದ ಮಳೆ. ವರ್ಷದ ಕೊನೆಯಲ್ಲಿ ಮಳೆಮಾಪಕ ಎರಡಕ್ಕೂ ಒಂದೇ ಅಂಕಿಯನ್ನು ತೋರಿಸುತ್ತದೆ.

ಅರಬ್ಬಿ ಸಮುದ್ರದ ಪಾತ್ರ

ಕರ್ನಾಟಕದ ಮಟ್ಟಿಗೆ ಈ ಬದಲಾವಣೆಯ ಮೂಲ ಪಡುವಣದ ಕಡಲಿನಲ್ಲಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆ 1951ರಿಂದ 2015ರ ನಡುವೆ ಸುಮಾರು ಒಂದು ಡಿಗ್ರಿ ಏರಿದೆ. ಜಗತ್ತಿನ ಸಾಗರಗಳ ಸರಾಸರಿ ಏರಿಕೆ ಅದೇ ಅವಧಿಯಲ್ಲಿ 0.7 ಡಿಗ್ರಿ. ಬಂಗಾಳ ಕೊಲ್ಲಿ ಮೊದಲಿನಿಂದಲೂ ಬಿಸಿ, ಚಂಡಮಾರುತಗಳು ಅದಕ್ಕೆ ಹೊಸದಲ್ಲ. ಅರಬ್ಬಿ ಸಮುದ್ರ ಅದಕ್ಕಿಂತ ತಂಪಾಗಿತ್ತು, ಶಾಂತವಾಗಿಯೂ ಇತ್ತು. ಪುಣೆಯ ಸಂಸ್ಥೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, 1982–2000ಕ್ಕೆ ಹೋಲಿಸಿದರೆ 2001–2019ರ ಅವಧಿಯಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಹೆಚ್ಚಿತ್ತು, ಬಂಗಾಳ ಕೊಲ್ಲಿಯಲ್ಲಿ ಶೇ 8ರಷ್ಟು ತಗ್ಗಿತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ತಟ್ಟಿಕೊಂಡೇ ಮೇಲಕ್ಕೆ ಹೋಯಿತು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಸಮುದ್ರದ ಮೇಲೆ ದಿನಗಟ್ಟಲೆ ಸುತ್ತಿ, ಮುಂಗಾರು ಮಾರುತ ಹೊತ್ತು ತರಬೇಕಿದ್ದ ತೇವವನ್ನು ತಾನೇ ಸೆಳೆದುಕೊಂಡು ಗುಜರಾತಿನ ಕಡೆ ನಡೆಯಿತು. ಆ ಜೂನ್‌ನಲ್ಲಿ ನಮ್ಮ ಬಿತ್ತನೆ ತಡವಾದದ್ದರಲ್ಲಿ ಅದರ ಪಾಲೂ ಇದೆ.

ಇದಕ್ಕಿಂತ ಸೂಕ್ಷ್ಮವಾದ ಬದಲಾವಣೆ ಮೋಡದ ಒಳಗೆ ನಡೆದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಮಲೆನಾಡಿನವರು ಎಲ್ಲಕ್ಕಿಂತ ಮೊದಲು ಓದಬೇಕಾದ ಸಂಶೋಧನೆ ಇದೇ. ಘಟ್ಟದ ಮಳೆ ಸಾಂಪ್ರದಾಯಿಕವಾಗಿ ತಗ್ಗಿನ ಮೋಡಗಳ ಮಳೆ. ಕಡಲಿನಿಂದ ಬಂದ ತೇವದ ಗಾಳಿ ಗುಡ್ಡಕ್ಕೆ ತಾಗಿ ಮೇಲೇರಿ, ಹೆಚ್ಚು ಎತ್ತರಕ್ಕೆ ಹೋಗದೆಯೇ ಹನಿಯಾಗುತ್ತಿತ್ತು. ಗುಡುಗು ಸಿಡಿಲಿನ ಅಬ್ಬರ ಕಡಿಮೆ, ಬಿಡುವೂ ಕಡಿಮೆ. ಪುನರ್ವಸು, ಪುಷ್ಯ, ಆಶ್ಲೇಷ ಎಂದು ನಕ್ಷತ್ರದ ಲೆಕ್ಕದಲ್ಲಿ ವಾರಗಟ್ಟಲೆ ಹಿಡಿಯುವ ಸೋನೆ, ಜಡಿಮಳೆ ಎಲ್ಲ ಈ ಮೋಡಗಳ ಕೊಡುಗೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಎಸ್. ಅಭಿಲಾಷ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ ಪಶ್ಚಿಮ ಕರಾವಳಿಯ ಮುಂಗಾರು ಮಳೆಯ ಈ ಗುಣವೇ ಬದಲಾಗುತ್ತಿದೆ. ಮೋಡಗಳು ಎತ್ತರಕ್ಕೆ ಬೆಳೆಯುತ್ತಿವೆ, ಮೇಲ್ತುದಿಯಲ್ಲಿ ಹಿಮದ ಕಣಗಳಾಗುತ್ತಿವೆ, ಗುಡುಗಿನ ಮೋಡದ ಸ್ವಭಾವ ಮುಂಗಾರಿನ ನಡುಮಧ್ಯದಲ್ಲೇ ಕಾಣಿಸುತ್ತಿದೆ.

ಅದೇ ಗುಂಪು ಕೇರಳದ 2018 ಮತ್ತು 2019ರ ಪ್ರವಾಹಗಳನ್ನು ನೋಡಿ ಇನ್ನೊಂದು ಸಂಗತಿಯನ್ನು ಗುರುತಿಸಿತು. ಹವಾಮಾನ ಇಲಾಖೆ ಮೇಘಸ್ಫೋಟ ಎನ್ನುವುದು ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಸುರಿದರೆ. ಘಟ್ಟದ ಇಳಿಜಾರಿನಲ್ಲಿ ಅಷ್ಟು ಬೇಕಾಗಿಯೇ ಇಲ್ಲ. ಎರಡು ಗಂಟೆಗಳಲ್ಲಿ 50 ಮಿಲಿಮೀಟರ್ ಸುರಿದರೆ, ಮೊದಲೇ ನೆನೆದ ಗುಡ್ಡಕ್ಕೆ ಅದೇ ಸಾಕು. ಇದನ್ನು ಅವರು ಕಿರು ಮೇಘಸ್ಫೋಟ ಎಂದರು. 50 ಮಿಲಿಮೀಟರ್ ಎನ್ನುವುದು ಆಗುಂಬೆಯಲ್ಲಿ ಯಾರೂ ಲೆಕ್ಕಕ್ಕೆ ಇಡದ ಮಳೆ. ಇಡೀ ದಿನದ ಅಂಕಿಯಾಗಿ ಅದು ಪತ್ರಿಕೆಯ ಮಳೆ ವಿವರದ ಪಟ್ಟಿಯಲ್ಲಿ ಕೊನೆಯ ಸಾಲಿಗೆ ಬರಬಹುದು. ಎರಡು ಗಂಟೆಗಳಲ್ಲಿ ಬಿದ್ದಿತೇ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿದ್ದಿತೇ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.

ಅಡಿಕೆ ತೋಟದವರು ಇದನ್ನು ಬೇರೆ ದಾರಿಯಿಂದ ಬಲ್ಲರು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಬೇಕಾದರೆ ಗೊನೆ ಒಣಗಿರಬೇಕು, ಹೊಡೆದದ್ದು ಅಂಟಿಕೊಳ್ಳಲು ಕೆಲವು ಗಂಟೆಗಳ ಬಿಡುವು ಬೇಕು. ಮಳೆಗಾಲಕ್ಕೆ ಮೊದಲು ಒಂದು ಸುತ್ತು, ಅನಂತರ ಬಿಡುವು ನೋಡಿ ಇನ್ನೊಂದು ಸುತ್ತು ಎಂಬ ಕ್ರಮ ನಿಂತಿರುವುದು ಮಳೆ ತನ್ನ ಹೊತ್ತಿಗೆ ಬರುತ್ತದೆ, ತನ್ನ ಹೊತ್ತಿಗೆ ಬಿಡುತ್ತದೆ ಎಂಬ ನಂಬಿಕೆಯ ಮೇಲೆ. 2025ರಲ್ಲಿ ಮುಂಗಾರು ಕೇರಳವನ್ನು ಮೇ 24ಕ್ಕೇ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಹಾಗೆ ಬಂದಾಗ ಮೊದಲ ಸುತ್ತಿನ ಸಿಂಪಡಣೆಗೆ ಮರ ಹತ್ತುವವರನ್ನು ಹೊಂದಿಸಿಕೊಳ್ಳುವ ಹೊತ್ತಿಗೇ ತೋಟದಲ್ಲಿ ನೀರು ನಿಂತಿರುತ್ತದೆ.

ಒಟ್ಟು ಮಳೆ ಮೊದಲು ಕುಗ್ಗಿದ್ದೇಕೆ, ಈಗ ಏರುತ್ತಿರುವುದೇಕೆ ಎಂಬುದೂ ಕುತೂಹಲದ ವಿಷಯ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಮುಂಗಾರು ಸೊರಗಿದ್ದಕ್ಕೆ ಹೊಗೆ ಮತ್ತು ಗಂಧಕದ ಕಣಗಳೇ ಮುಖ್ಯ ಕಾರಣ ಎಂದು 2011ರಲ್ಲಿ ಬೊಲ್ಲಾಸಿನಾ, ಮಿಂಗ್ ಮತ್ತು ರಾಮಸ್ವಾಮಿ ‘ಸೈನ್ಸ್’ನಲ್ಲಿ ವಾದಿಸಿದರು. ಐಪಿಸಿಸಿಯ 2021ರ ವರದಿ ಇದನ್ನು ಒಪ್ಪಿತು. ಕಣಗಳ ಪರದೆ ಬಿಸಿಲನ್ನು ತಡೆದು ನೆಲವನ್ನು ತಂಪಾಗಿಡುತ್ತದೆ, ನೆಲ ಮತ್ತು ಕಡಲಿನ ಉಷ್ಣತೆಯ ಅಂತರ ಕಡಿಮೆಯಾಗಿ ಮುಂಗಾರು ದುರ್ಬಲವಾಗುತ್ತದೆ. ಜಗತ್ತಿನ 2024ರ ಉಷ್ಣತೆ ಕೈಗಾರಿಕಾ ಕ್ರಾಂತಿಗೆ ಹಿಂದಿನ ಮಟ್ಟಕ್ಕಿಂತ 1.55 ಡಿಗ್ರಿ ಹೆಚ್ಚಿತ್ತು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಭಾರತದಲ್ಲಿ 1901ರಿಂದ 2018ರವರೆಗಿನ ಏರಿಕೆ 0.7 ಡಿಗ್ರಿ ಮಾತ್ರ. ಈ ವ್ಯತ್ಯಾಸವನ್ನು ಕಂಡು ಸಮಾಧಾನಪಡುವವರಿದ್ದಾರೆ. ಅದರ ಒಂದು ಪಾಲು ನಮ್ಮ ಕೊಳಕು ಗಾಳಿ ಕೊಟ್ಟ ನೆರಳು. ಗಾಳಿಯನ್ನು ಶುದ್ಧ ಮಾಡಲೇಬೇಕು, ಮಾಡಿದಾಗ ಆ ನೆರಳು ಹೋಗುತ್ತದೆ. 2002ರ ನಂತರ ಮುಂಗಾರು ಚೇತರಿಸಿಕೊಂಡಿದೆ ಎಂದು 2017ರ ಒಂದು ಅಧ್ಯಯನ ತೋರಿಸಿತು. ಮುಂದೆ ಜಾಗತಿಕ ಉಷ್ಣತೆಯ ಪ್ರತಿ ಡಿಗ್ರಿಗೆ ಮುಂಗಾರಿನ ಮಳೆ ಸುಮಾರು ಶೇ 5ರಷ್ಟು ಹೆಚ್ಚಬಹುದು ಎಂದು ಜರ್ಮನಿಯ ಪಾಟ್ಸ್‌ಡ್ಯಾಮ್ ಸಂಸ್ಥೆಯ ತಂಡ 2021ರಲ್ಲಿ ಹತ್ತಾರು ಮಾದರಿಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿತು. ಮಳೆ ಪಶ್ಚಿಮಕ್ಕೆ ಸರಿದು ರಾಜಸ್ಥಾನದ ಮರುಭೂಮಿ ಹಸಿರಾಗುವ ಸಾಧ್ಯತೆಯ ಬಗ್ಗೆ ಗೋಸ್ವಾಮಿಯವರೇ 2023ರಲ್ಲಿ ಸಹಲೇಖಕರಾಗಿ ಬರೆದಿದ್ದಾರೆ. ಹೆಚ್ಚು ಮಳೆ ಎಂದ ಕೂಡಲೇ ಹಿಗ್ಗುವ ಮುನ್ನ ಅದು ಯಾವ ಬಗೆಯಲ್ಲಿ ಬೀಳುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹತ್ತು ಪಾಲು ಯಾರದು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಎರಡು ವಾರಗಳೊಳಗೆ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ಸಂಶೋಧಕರ ಕೂಟ ತನ್ನ ವಿಶ್ಲೇಷಣೆಯನ್ನು ಹೊರಗಿಟ್ಟಿತು. ಒಂದೇ ದಿನದಲ್ಲಿ ಸುರಿದ 140 ಮಿಲಿಮೀಟರಿಗೂ ಹೆಚ್ಚಿನ ಆ ಮಳೆ, ಮನುಷ್ಯ ಮಾಡಿದ ತಾಪಮಾನ ಏರಿಕೆಯಿಂದಾಗಿ ಸುಮಾರು ಶೇ 10ರಷ್ಟು ಹೆಚ್ಚಾಗಿತ್ತು ಎನ್ನುವುದು ಅವರ ತೀರ್ಮಾನ.

ಇಂಥ ಅಧ್ಯಯನ ನಡೆಯುವ ಬಗೆ ಸರಳ. ಈಗಿನ ಜಗತ್ತು, ಇಂಗಾಲದ ಹೊಗೆಯಿಂದ ಬಿಸಿಯಾಗದೆ ಉಳಿದ ಕಲ್ಪನೆಯ ಜಗತ್ತು, ಎರಡನ್ನೂ ಕಂಪ್ಯೂಟರ್ ಮಾದರಿಗಳಲ್ಲಿ ಓಡಿಸಿ ಇಂಥದೊಂದು ಮಳೆ ಎಲ್ಲಿ ಎಷ್ಟು ಬೀಳುತ್ತದೆ ಎಂದು ಹೋಲಿಸುತ್ತಾರೆ. ಸಣ್ಣ ಗುಡ್ಡಗಾಡು ಪ್ರದೇಶದಲ್ಲಿ ಈ ಮಾದರಿಗಳು ತಡವರಿಸುತ್ತವೆ. ಆ ಅನಿಶ್ಚಿತತೆಯನ್ನು ವರದಿಯೇ ಹೇಳಿಕೊಂಡಿದೆ. ಅವರ ಲೆಕ್ಕವನ್ನು ಒಪ್ಪಿಕೊಂಡರೆ ತಂಪಾದ ಜಗತ್ತಿನಲ್ಲಿ 140ರ ಜಾಗದಲ್ಲಿ 127 ಮಿಲಿಮೀಟರ್ ಬೀಳುತ್ತಿತ್ತು. ಆಗ ಗುಡ್ಡ ನಿಲ್ಲುತ್ತಿತ್ತೇ? ಅದಕ್ಕೆ ಈ ಅಧ್ಯಯನದಲ್ಲಿ ಉತ್ತರವಿಲ್ಲ, ಅದು ಆ ಪ್ರಶ್ನೆಯನ್ನು ಕೇಳಿಯೂ ಇಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹವಾಮಾನ ಬದಲಾವಣೆ ಎನ್ನುವುದು ಅಧಿಕಾರಸ್ಥರ ಬಾಯಲ್ಲಿ ಅನುಕೂಲದ ನೆಪವಾಗುತ್ತಿದೆ. ಮೊದಲು ‘ಪ್ರಕೃತಿ ವಿಕೋಪ’ ಎಂದು ಕೈ ತೊಳೆದುಕೊಳ್ಳುತ್ತಿದ್ದವರಿಗೆ ಈಗ ಅದಕ್ಕಿಂತ ಘನವಾದ ಪದ ಸಿಕ್ಕಿದೆ. ವಯನಾಡಿನ ದುರಂತಕ್ಕೆ ಎರಡು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ ಗಂಗಾವಳಿ ನದಿಗೆ ಬಿತ್ತು. ಮಳೆ ಜೋರಾಗಿತ್ತು, ನಿಜ. ರಸ್ತೆಗಾಗಿ ಗುಡ್ಡದ ಬುಡವನ್ನು ಕಡಿದಾಗಿ ಕಡಿದದ್ದೂ ನಿಜ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಸಾಲು ಸಾಲು ಬರೆ ಕುಸಿದಾಗಲೂ ಭೂವಿಜ್ಞಾನಿಗಳು ರಸ್ತೆ, ಮನೆ, ಹೋಂಸ್ಟೇಗಳಿಗಾಗಿ ಇಳಿಜಾರನ್ನು ಕತ್ತರಿಸಿದ್ದರತ್ತ ಬೊಟ್ಟು ಮಾಡಿದ್ದರು. ಹತ್ತು ಪಾಲು ಮಳೆಯ ಲೆಕ್ಕವನ್ನು ಜಗತ್ತಿನ ಹೊಗೆಯ ಖಾತೆಗೆ ಬರೆಯೋಣ. ಜೆಸಿಬಿ ಓಡಿಸಲು ಅನುಮತಿ ಕೊಟ್ಟ ಸಹಿಯನ್ನು ಆ ಖಾತೆಗೆ ಬರೆಯಲಾಗದು.

ಹಸಿರು ಬರ

ಮತ್ತೆ 2023ಕ್ಕೆ ಬರೋಣ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಹೊಲವನ್ನು ಗಮನಿಸಿ. ಜೂನ್ ಕೊನೆಗೋ ಜುಲೈ ಮೊದಲಿಗೋ ಬಿತ್ತಿದ ಬೀಜ, ಜುಲೈ ಮಳೆಗೆ ಸೊಂಪಾಗಿ ಎದ್ದಿದೆ. ಐವತ್ತೈದು ಅರವತ್ತು ದಿನಕ್ಕೆ ಸೂಲಂಗಿ ಬಿಡುವ ಹೊತ್ತು, ಅಂದರೆ ಆಗಸ್ಟ್ ಕೊನೆ. ಆ ಹದಿನೈದು ದಿನಗಳಲ್ಲಿ ನೆಲದಲ್ಲಿ ತೇವ ಇಲ್ಲದಿದ್ದರೆ ಪರಾಗ ಸರಿಯಾಗಿ ಕೂಡುವುದಿಲ್ಲ, ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಗಿಡ ಮಾತ್ರ ಸಾಯುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದೆರಡು ಮಳೆ ಬಿದ್ದರೆ ಎಲೆ ಮತ್ತೆ ಹಸಿರಾಗಿ ನಿಲ್ಲುತ್ತದೆ. ದಾರಿಯಲ್ಲಿ ಹೋಗುವವರಿಗೆ ಅದು ಚೆಂದದ ಹೊಲ. ತೆನೆಯ ಸಿಪ್ಪೆ ಸುಲಿದರೆ ಅಲ್ಲೊಂದು ಇಲ್ಲೊಂದು ಕಾಳು.

ಬೆಳೆ ಪರಿಶೀಲನೆಗೆ ಬಂದ ಕೇಂದ್ರದ ತಂಡಕ್ಕೆ ರಾಜ್ಯ ಸರ್ಕಾರ ಇದನ್ನು ‘ಹಸಿರು ಬರ’ ಎಂದು ವಿವರಿಸಬೇಕಾಯಿತು. ಬರ ಘೋಷಣೆಗೆ ದೇಶದಲ್ಲಿ 2016ರ ಬರ ನಿರ್ವಹಣಾ ಕೈಪಿಡಿಯೇ ಆಧಾರ. ಅದರಲ್ಲಿ ಮೊದಲು ಮಳೆ ಕೊರತೆ ಮತ್ತು ಒಣ ಅವಧಿಯನ್ನು ನೋಡುತ್ತಾರೆ, ಆಮೇಲೆ ಬಿತ್ತನೆ ಪ್ರದೇಶ, ಮಣ್ಣಿನ ತೇವ, ಜಲಾಶಯದ ಮಟ್ಟ, ಉಪಗ್ರಹದಿಂದ ಕಾಣುವ ಹಸಿರಿನ ಸೂಚ್ಯಂಕ ಬರುತ್ತವೆ. ಕೊನೆಗೆ ಆಯ್ದ ಹಳ್ಳಿಗಳಲ್ಲಿ ಹೊಲಕ್ಕಿಳಿದು ನೋಡಬೇಕು. ಒಣ ಅವಧಿಗೆ ಅದರಲ್ಲಿ ಜಾಗ ಕೊಟ್ಟಿರುವುದು ಮೆಚ್ಚಬೇಕಾದ ಮಾತು. ಆದರೆ ಆ ಒಣ ಅವಧಿ ಬೆಳೆಯ ಯಾವ ಹಂತದಲ್ಲಿ ಬಂತು ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಮೂರು ವಾರ ಒಣಗಿದರೆ ಎಳೆಯ ರಾಗಿ ಪೈರು ತಾಳಿಕೊಳ್ಳುತ್ತದೆ, ಸೂಲಂಗಿಯಲ್ಲಿರುವ ಮೆಕ್ಕೆಜೋಳ ತಾಳುವುದಿಲ್ಲ. ಇನ್ನು ಉಪಗ್ರಹವಂತೂ ಹಸಿರನ್ನು ನೋಡುತ್ತದೆ, ಕಾಳನ್ನು ನೋಡುವುದಿಲ್ಲ.

ಮುಂದಿನದು ಗೊತ್ತಿರುವ ಕಥೆ. ಸೆಪ್ಟೆಂಬರ್‌ನಲ್ಲಿ ಬರ ಘೋಷಣೆ ಶುರುವಾಯಿತು, ರಾಜ್ಯ 18,171 ಕೋಟಿ ರೂಪಾಯಿ ಕೇಳಿತು, ಹಣ ಬಾರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಇದರಲ್ಲಿ ರಾಜಕೀಯ ಎಷ್ಟು ಎಂಬ ಚರ್ಚೆ ಸಾಕಷ್ಟು ಆಗಿದೆ. ಅಳತೆಯ ಕೋಲು ಎಷ್ಟು ಹಳೆಯದು ಎಂಬ ಚರ್ಚೆ ಅಷ್ಟು ಆಗಲಿಲ್ಲ.

ಆಗಸ್ಟಿಗೆ 45.95 ಟಿಎಂಸಿ

ಹಳೆಯ ಅಳತೆಯ ಕೋಲು ಎಲ್ಲಕ್ಕಿಂತ ಗಟ್ಟಿಯಾಗಿ ನೆಟ್ಟಿರುವುದು ಕಾವೇರಿಯಲ್ಲಿ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಸಾಧಾರಣ ವರ್ಷದಲ್ಲಿ 177.25 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹರಿಸಬೇಕು. ಅದನ್ನು ತಿಂಗಳುವಾರು ಹಂಚಲಾಗಿದೆ: ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76, ಮುಂದೆ ಇಳಿಯುತ್ತ ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ. ವರ್ಷದ ಅತಿ ದೊಡ್ಡ ಕಂತು ಆಗಸ್ಟಿನದು. ಶತಮಾನದಲ್ಲೇ ಅತ್ಯಂತ ಒಣಗಿದ ಆಗಸ್ಟ್ ಬಂದಾಗಲೂ ಆ ಪಟ್ಟಿಯಲ್ಲಿ ಇದ್ದದ್ದು ಅದೇ 45.95.

ಆ ತಿಂಗಳ ಕೊನೆಯಲ್ಲಿ 5,000 ಕ್ಯೂಸೆಕ್‌ನಂತೆ, ಅಂದರೆ ಸೆಕೆಂಡಿಗೆ 5,000 ಘನ ಅಡಿಯಂತೆ, ಹದಿನೈದು ದಿನ ನೀರು ಬಿಡುವಂತೆ ಸೂಚನೆ ಬಂತು, ಮಂಡ್ಯದಲ್ಲಿ ರೈತರು ರಸ್ತೆಗಿಳಿದರು, ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್ ಆಯಿತು, 29ಕ್ಕೆ ಕರ್ನಾಟಕ ಬಂದ್ ಆಯಿತು. ಕೊರತೆಯ ವರ್ಷದಲ್ಲಿ ಕಷ್ಟವನ್ನು ಪಾಲಿನ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು ಎಂದು ಕಾವೇರಿ ನ್ಯಾಯಮಂಡಳಿಯ ಐತೀರ್ಪು ಹೇಳುತ್ತದೆ. ಹಂಚಿಕೊಳ್ಳುವ ಸೂತ್ರ, ಅಂದರೆ ಸಂಕಷ್ಟ ಸೂತ್ರ, ಆಗ ಸಿದ್ಧವಿರಲಿಲ್ಲ.

ಈ ಹಂಚಿಕೆಯ ತಳಪಾಯವನ್ನು ಇನ್ನೂ ಸ್ವಲ್ಪ ಅಗೆದು ನೋಡಿದರೆ ಸಿಗುವ ಸಂಗತಿ ಯೋಚನೆಗೆ ಹಚ್ಚುತ್ತದೆ. ಕಾವೇರಿ ಕಣಿವೆಯಲ್ಲಿ ಒಟ್ಟು 740 ಟಿಎಂಸಿ ಅಡಿ ನೀರು ಲಭ್ಯ ಎಂದು ನ್ಯಾಯಮಂಡಳಿ ಇಟ್ಟುಕೊಂಡ ಅಂಕಿ ಬಂದದ್ದು 1934–35ರಿಂದ 1971–72ರವರೆಗಿನ 38 ವರ್ಷಗಳ ಹರಿವಿನ ದಾಖಲೆಯಿಂದ. ಅದೂ ಶೇ 50ರ ಭರವಸೆಯ ಮೇಲೆ. ಎರಡು ವರ್ಷಕ್ಕೊಮ್ಮೆ ಅಷ್ಟು ನೀರು ಸಿಗದೆ ಹೋಗಬಹುದು ಎಂಬುದನ್ನು ಒಪ್ಪಿಕೊಂಡೇ ಹಾಕಿದ ಲೆಕ್ಕ ಅದು. ಹಿಂದೂ ಮಹಾಸಾಗರದ ಬಿಸಿಯೇರಿಕೆಯ ಬಹುಪಾಲು, ಭಾರಿ ಮಳೆಗಳ ಹೆಚ್ಚಳ, ಘಟ್ಟದ ಮಳೆಯ ಕುಗ್ಗುವಿಕೆ ಎಲ್ಲವೂ ಬಹುತೇಕ ಆ 38 ವರ್ಷಗಳ ಆಚೆಗಿನವು. ಹವಾಮಾನ ಇಲಾಖೆ ತನ್ನ ವಾಡಿಕೆಯ ಅಂಕಿಯನ್ನಾದರೂ ಕಾಲಕಾಲಕ್ಕೆ ಹೊಸದು ಮಾಡುತ್ತದೆ. ದೇಶದ ಮುಂಗಾರಿನ ವಾಡಿಕೆ 2022ರಲ್ಲಿ 88 ಸೆಂಟಿಮೀಟರಿನಿಂದ 87ಕ್ಕೆ ಇಳಿಯಿತು. 740 ಮಾತ್ರ 740 ಆಗಿಯೇ ಇದೆ.

ಹಾಗೆಂದು ಇದು ಕರ್ನಾಟಕದ ಪರ ವಾದ ಎಂದು ಯಾರೂ ತಿಳಿಯಬಾರದು. ಅದೇ ಕಾವೇರಿಯ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಜಲಾಶಯ) 2025ರ ಜೂನ್ ತಿಂಗಳಲ್ಲೇ ತುಂಬಿ, 30ರಂದು ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ಜೂನ್‌ನಲ್ಲಿ ಅದು ತುಂಬಿದ್ದು ಕಟ್ಟೆಯ ಚರಿತ್ರೆಯಲ್ಲೇ ಮೊದಲು. ಪಟ್ಟಿಯ ಪ್ರಕಾರ ಜೂನ್ ತಿಂಗಳ ಕಂತು 9.19 ಟಿಎಂಸಿ, ಅಂಥ ವರ್ಷ ನದಿ ಅದರ ಹಲವು ಪಟ್ಟು ನೀರನ್ನು ಕೇಳದೆಯೇ ಒಯ್ಯುತ್ತದೆ, ಮತ್ತು ತಮಿಳುನಾಡಿನ ಮೆಟ್ಟೂರು ಜಲಾಶಯ ತುಂಬಿದ ಮೇಲೆ ಉಳಿದದ್ದು ಕಡಲಿಗೆ. ಒಂದು ವರ್ಷ ಬಂದ್, ಇನ್ನೊಂದು ವರ್ಷ ಬಾಗಿನ. ಇವೆರಡರ ಸರಾಸರಿ ತೆಗೆದರೆ ಎರಡೂ ರಾಜ್ಯಗಳಿಗೆ ಸುಖವಾದ ಸಾಧಾರಣ ವರ್ಷವೊಂದು ಸಿಗುತ್ತದೆ, ಅದು ಯಾರ ಹೊಲಕ್ಕೂ ಬಂದಿರುವುದಿಲ್ಲ. ಮೇಕೆದಾಟುವಿನಲ್ಲಿ 67 ಟಿಎಂಸಿಯ ಅಣೆಕಟ್ಟು ಬೇಕು ಎನ್ನುವವರು ಇದನ್ನೇ ತಮ್ಮ ವಾದಕ್ಕೆ ಬಳಸುತ್ತಾರೆ. ಸಂಗ್ರಹ ಬೇಕೆಂಬುದು ಸರಿ. ಆದರೆ ಮುಳುಗುವುದು ಕಾವೇರಿ ವನ್ಯಧಾಮದ ಕಾಡು. ಕೆರೆಗಳ ಹೂಳೆತ್ತಿ, ರಾಜಕಾಲುವೆ ಬಿಡಿಸಿ ಎಷ್ಟು ಹಿಡಿಯಬಹುದು ಎಂಬ ಲೆಕ್ಕವನ್ನು ಅಷ್ಟೇ ಉತ್ಸಾಹದಿಂದ ಯಾರೂ ಮಂಡಿಸಿದ್ದನ್ನು ನಾನು ಕಂಡಿಲ್ಲ.

ಕರ್ನಾಟಕಕ್ಕೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ನಾವು ಸರಿಯಾಗಿ ಬಳಸಿಕೊಂಡಿಲ್ಲ. 1988ರಲ್ಲಿ ದೇಶದಲ್ಲೇ ಮೊದಲನೆಯದಾಗಿ ಶುರುವಾದ ಬರ ಮೇಲ್ವಿಚಾರಣಾ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಅದರ ಸ್ವಯಂಚಾಲಿತ ಮಳೆಮಾಪಕಗಳಿವೆ. ಅವು ದಿನದ ಮೊತ್ತಕ್ಕಾಗಿ ಕಾಯದೆ, 15 ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುತ್ತವೆ. ಎರಡು ಗಂಟೆಯಲ್ಲಿ 50 ಮಿಲಿಮೀಟರ್ ಸುರಿಯಿತೇ, ಮೆಕ್ಕೆಜೋಳ ಸೂಲಂಗಿಗೆ ಬಂದ ವಾರ ಹನಿ ಬಿತ್ತೇ ಇಲ್ಲವೇ ಎಂಬುದಕ್ಕೆ ಉತ್ತರ ಕೊಡಬಲ್ಲ ದಾಖಲೆ ಅದು. ಬರ ಕೈಪಿಡಿಯನ್ನು ಬೆಳೆಯ ಹಂತಕ್ಕೆ ಹೊಂದಿಸಬೇಕೆಂದು ದೆಹಲಿಯಲ್ಲಿ ವಾದಿಸಲು ಬೇಕಾದ ಸಾಕ್ಷ್ಯ ನಮ್ಮ ಸರ್ವರ್‌ಗಳಲ್ಲೇ ಇದೆ. ಗುಡ್ಡದ ಬುಡದ ಊರುಗಳನ್ನು ರಾತ್ರೋರಾತ್ರಿ ಖಾಲಿ ಮಾಡಿಸಲು ಬೇಕಾದದ್ದೂ ಅದೇ ಅಂಕಿ.

ಕಾವೇರಿಗೆ ಒಂದು ಗಡುವೂ ಇದೆ. 2018ರ ತೀರ್ಪು ತನ್ನ ಹಂಚಿಕೆ 15 ವರ್ಷ ನಡೆಯಬೇಕು ಎಂದಿದೆ. ಅದು ಮುಗಿಯುವುದು 2033ಕ್ಕೆ. ಆಗ ಎರಡೂ ರಾಜ್ಯಗಳ ವಕೀಲರು ಮತ್ತೆ 1934ರ ಸರಣಿಯನ್ನೇ ತೆರೆದು ಕೂರಬಹುದು, ಅಥವಾ 2000ದ ಈಚಿನ ಮಳೆ ಮತ್ತು ಒಳಹರಿವಿನ ದಿನವಹಿ ದಾಖಲೆಯನ್ನು ಮೇಜಿನ ಮೇಲಿಟ್ಟು, ತಿಂಗಳ ಕಂತಿನ ಬದಲು ಜಲಾಶಯದ ಒಳಹರಿವಿಗೆ ತಕ್ಕಂತೆ ವಾರಕ್ಕೊಮ್ಮೆ ಬದಲಾಗುವ ಪಾಲನ್ನು ಕೇಳಬಹುದು. ಎರಡನೆಯದಕ್ಕೆ ಬೇಕಾದ ಲೆಕ್ಕ ಹಾಕಲು ಎಂಜಿನಿಯರುಗಳಿಗೂ ಹವಾಮಾನ ತಜ್ಞರಿಗೂ ಕೆಲವು ವರ್ಷಗಳೇ ಬೇಕಾಗುತ್ತವೆ, ಮತ್ತು ಆ ಕೆಲಸವನ್ನು ಈಗಲೇ ಶುರುಮಾಡದಿದ್ದರೆ 2033ರಲ್ಲಿ ವಕೀಲರ ಕೈಗೆ ಕೊಡಲು ಹಳೆಯ ಸರಣಿಯ ಹೊರತು ಬೇರೇನೂ ಇರುವುದಿಲ್ಲ.